ಸೋರಿದ ಅನಿಲದ ದಾರಿ: ಗಣಕಯಂತ್ರದ ಮುನ್ನೋಟ

ಕನ್ನಡ ಪಂಡಿತನೊಬ್ಬನು ಶಾಲೆಯ ಸ್ಮರಣ ಸಂಚಿಕೆಗೆ ಲೇಖನ ಬರೆಯುವನೆಂದರೆ ಅದು ಛಂದಸ್ಸನ್ನೋ ವ್ಯಾಕರಣವನ್ನೋ ಹಳಗನ್ನಡದ ಯಾವುದಾದರೊಂದು ಕಾವ್ಯವನ್ನೋ ಕುರಿತದ್ದಾಗಿರಬೇಕೆಂದು ವಾಚಕರು ನಿರೀಕ್ಷಿಸುವುದು ಸಹಜವೇ. ನಾನೂ ಹಾಗೆಯೇ ಎಣಿಸಿದ್ದೆನು. ಹೀಗಿರಲಾಗಿ ಬೇಸಿಗೆಯ ರಜೆಯಲ್ಲಿ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬನು, ಕಾರ್ಖಾನೆಗಳ ಸುರಕ್ಷತೆಯ ಕೆಲಸದಲ್ಲಿರುವವನು, ಮನೆಗೆ ಬಂದು ಇಂಗ್ಲಿಷಿನಲ್ಲಿ ಅಚ್ಚಾದ ದಪ್ಪನೆಯ ವರದಿಯೊಂದನ್ನು ಮುಂದಿಟ್ಟು, “ಗುರುಗಳೇ, ಇದರಾಗಿನ ಒಂದು ಪುಟ ಕನ್ನಡದಾಗ ಬೇಕಾಗೇದರಿ. ಗೋಡೆಗೆ ಹಚ್ಚೂದದ. ಹಮಾಲರು ಓದಿದರ ತಿಳೀಬೇಕು” ಎಂದನು. ಆ ಒಂದು ಪುಟವನ್ನು ಕನ್ನಡಿಸಬೇಕಾದರೆ ನಾನು ಇಡೀ ವರದಿಯನ್ನು ಅರಿಯಬೇಕಾಯಿತು. ನಾನು ಅರಿಯಬೇಕಾದರೆ ಅವನು ಮೂರು ಸಂಜೆ ನನಗೆ ಪಾಠ ಹೇಳಬೇಕಾಯಿತು. ಶಿಷ್ಯನಿಂದ ಕಲಿತ ಆ ಪಾಠವನ್ನೇ ಇಲ್ಲಿ ಒಪ್ಪಿಸುತ್ತಿದ್ದೇನೆ.

ಕಾರ್ಖಾನೆಯಲ್ಲಿ ಒಂದು ಕೊಳವೆ ಒಡೆದು, ಇಲ್ಲವೆ ತೊಟ್ಟಿಯೊಂದು ಸೀಳಿ, ವಿಷಾನಿಲವೋ ಉರಿಯುವ ಅನಿಲವೋ ಹೊರಬಿದ್ದರೆ ಅದು ಯಾವ ಕಡೆಗೆ, ಎಷ್ಟು ದೂರ, ಎಷ್ಟು ಹೊತ್ತಿನಲ್ಲಿ ಹೋಗುವುದು, ಹೋದಲ್ಲಿ ಮನುಷ್ಯರಿಗೆ ಏನಾಗುವುದು ಎಂಬುದನ್ನು ಮೊದಲೇ ಲೆಕ್ಕ ಹಾಕಿ ನಕ್ಷೆಯಲ್ಲಿ ಬರೆದು ತೋರಿಸುವ ತಂತ್ರಾಂಶಗಳಿವೆ. ಅಮೆರಿಕದ ಪರಿಸರ ರಕ್ಷಣಾ ಸಂಸ್ಥೆಯೂ ಅಲ್ಲಿನ ಸಾಗರ ಮತ್ತು ವಾಯುಮಂಡಲ ಆಡಳಿತವೂ ಕೂಡಿ ಸಿದ್ಧಪಡಿಸಿರುವ ‘ಅಲೋಹ’ ಎಂಬುದನ್ನು ಯಾರು ಬೇಕಾದರೂ ಹಣ ಕೊಡದೆ ಪಡೆಯಬಹುದು. (ಅಲೋಹ ಎಂಬುದು ಹವಾಯಿ ದ್ವೀಪದವರು ನಮಸ್ಕಾರಕ್ಕೆ ಆಡುವ ಮಾತು. ಇಂಗ್ಲಿಷಿನ ಐದು ಪದಗಳ ಮೊದಲಕ್ಷರಗಳನ್ನು ಹೊಂದಿಸಿ ಈ ಹೆಸರನ್ನು ಹೊರಡಿಸಿದ್ದಾರೆ. ವಿಷಾನಿಲದ ಲೆಕ್ಕಕ್ಕೆ ಸ್ವಾಗತದ ಪದ! ಶ್ಲೇಷೆಯನ್ನು ಬಲ್ಲ ನಮ್ಮ ಕವಿಗಳೂ ಇದನ್ನು ಕಂಡು ನಕ್ಕಾರು.) ಲಂಡನ್ನಿನ ಟೆಕ್ನಿಕಾ ಎಂಬ ಸಂಸ್ಥೆಯಲ್ಲಿ ಹುಟ್ಟಿ ಈಗ ನಾರ್ವೆ ಮೂಲದ ಡಿ.ಎನ್.ವಿ. ಸಂಸ್ಥೆಯ ವಶದಲ್ಲಿರುವ ‘ಫಾಸ್ಟ್’, ಹಾಲೆಂಡಿನ ಟಿ.ಎನ್.ಒ. ಸಂಸ್ಥೆಯಲ್ಲಿ ಬೆಳೆದ ‘ಇಫೆಕ್ಟ್ಸ್’ ಮೊದಲಾದವು ದೊಡ್ಡ ಕಾರ್ಖಾನೆಗಳು ಹಣ ತೆತ್ತು ಬಳಸತಕ್ಕವು.

ಇಲ್ಲಿ ವ್ಯಾಕರಣದ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ಶಿಷ್ಯನು ‘ಪರಿಣಾಮ’ ಎಂಬ ಪದವನ್ನೂ ‘ಅಪಾಯ’ ಎಂಬ ಪದವನ್ನೂ ಅದಲು ಬದಲಾಗಿ ಆಡುತ್ತಿದ್ದನು. ಇಂಗ್ಲಿಷಿನಲ್ಲಿ ಎರಡೂ ಬೇರೆ ಎಂದು ಅವನೇ ಮರುಕ್ಷಣದಲ್ಲಿ ಹೇಳುತ್ತಿದ್ದನು. ಈ ಭೇದವನ್ನು ತಿಳಿಯುವುದಕ್ಕೆ ನಮ್ಮ ಕ್ರಿಯಾಪದಗಳೇ ಸಾಕು. ‘ಸೋರಿದರೆ’ ಎಂಬುದು ಪಕ್ಷಾರ್ಥಕ. ‘ಸೋರೀತು’ ಎಂಬುದು ಸಂಭಾವನಾರ್ಥಕ. ನಾನು ಹೇಳುತ್ತಿರುವ ತಂತ್ರಾಂಶವು ಪಕ್ಷಾರ್ಥಕದಲ್ಲಿ ಮಾತ್ರವೇ ಮಾತನಾಡುತ್ತದೆ: ಸೋರಿದರೆ ಹೀಗಾಗುವುದು. ಸೋರೀತೇ, ಎಷ್ಟು ವರ್ಷಕ್ಕೊಮ್ಮೆ ಸೋರೀತು ಎಂಬುದು ಬೇರೆಯ ಲೆಕ್ಕ. ಅದಕ್ಕೆ ಬೇರೆಯ ಪಟ್ಟಿಗಳು ಬೇಕು. ಈ ಎರಡನ್ನು ಬೆರೆಸಿದವರು ಎರಡು ಬಗೆಯಲ್ಲಿ ತಪ್ಪುತ್ತಾರೆ. ನಕ್ಷೆಯಲ್ಲಿ ಕೆಂಪು ಕಂಡೊಡನೆ ನಾಳೆಯೇ ಪ್ರಳಯವೆಂದು ಹೆದರುವವರು ಕೆಲವರು. ಇಷ್ಟು ವರ್ಷ ಏನೂ ಆಗಲಿಲ್ಲವಲ್ಲ ಎಂದು ನಕ್ಷೆಯನ್ನೇ ಮಡಿಚಿಡುವವರು ಬಹಳ ಮಂದಿ.

ಈ ಲೆಕ್ಕದ ವಿದ್ಯೆ ಬೆಳೆದದ್ದು ದುರಂತಗಳ ಬೆನ್ನಿಗೆ. 1974ರ ಜೂನ್ 1ರಂದು ಇಂಗ್ಲೆಂಡಿನ ಫ್ಲಿಕ್ಸ್‌ಬರೋ ಕಾರ್ಖಾನೆಯಲ್ಲಿ ಸೈಕ್ಲೋಹೆಕ್ಸೇನ್ ಎಂಬ ದ್ರವದ ಆವಿ ಮೋಡದಂತೆ ಹರಡಿ ಸಿಡಿದು 28 ಜನರು ಮಡಿದರು. ಅಂದು ಶನಿವಾರ, ಕಚೇರಿಯ ಮಂದಿ ಮನೆಯಲ್ಲಿದ್ದುದರಿಂದ ಸಾವು ಅಷ್ಟಕ್ಕೆ ನಿಂತಿತು. 1976ರಲ್ಲಿ ಇಟಲಿಯ ಸೆವೆಸೊ. 1979ರಲ್ಲಿ ಡಚ್ಚರು ಇಂಥ ಲೆಕ್ಕಗಳ ಸೂತ್ರಗಳನ್ನೆಲ್ಲ ಒಂದೆಡೆ ಸೇರಿಸಿ ಪ್ರಕಟಿಸಿದ ಗ್ರಂಥಕ್ಕೆ ಹಳದಿ ರಟ್ಟಿನ ಕಾರಣ ‘ಹಳದಿ ಪುಸ್ತಕ’ವೆಂದೇ ಹೆಸರಾಯಿತು. ನಮ್ಮ ದೇಶದಲ್ಲಿ ಎಲ್ಲರ ಕಣ್ಣು ತೆರೆಸಿದ್ದು 1984ರ ಡಿಸೆಂಬರ್ 2 ಮತ್ತು 3ರ ನಡುವಣ ಭೋಪಾಲದ ಇರುಳು. ಅದನ್ನು ಮುಂದೆ ಹೇಳುತ್ತೇನೆ.

ಲೆಕ್ಕ ನಡೆಯುವ ಕ್ರಮವನ್ನು ಕಣದಲ್ಲಿ ರಾಶಿ ತೂರುವುದನ್ನು ಕಂಡವರು ಬೇಗ ಹಿಡಿಯಬಲ್ಲರು. ಮೊರವೆತ್ತಿ ನಿಂತವನ ಕೈಯಿಂದ ಎಷ್ಟು ಧಾನ್ಯ, ಎಷ್ಟು ಎತ್ತರದಿಂದ, ಎಷ್ಟು ರಭಸದಿಂದ ಬೀಳುತ್ತಿದೆ ಎಂಬುದು ಮೊದಲ ಪ್ರಶ್ನೆ. ಕಾಳು ಕಾಲ ಬುಡದಲ್ಲಿ, ಹೊಟ್ಟು ಆಚೆ, ನವಿರಾದ ಧೂಳು ಇನ್ನೂ ಆಚೆ. ಗಾಳಿ ಯಾವುದನ್ನು ಎಲ್ಲಿಗೆ ಒಯ್ಯುತ್ತದೆ ಎಂಬುದು ಎರಡನೆಯದು. ಆ ಧೂಳು ಬಡಿದವರು ಕೆಮ್ಮುವರೇ, ಕಣ್ಣು ಉಜ್ಜಿಕೊಂಡು ಸುಮ್ಮನಾಗುವರೇ ಎಂಬುದು ಮೂರನೆಯದು. ತಂತ್ರಾಂಶವೂ ಹೀಗೆಯೇ ಕೇಳುತ್ತದೆ. ತೂತು ಎಷ್ಟು ಅಗಲ, ಒಳಗಿನ ಒತ್ತಡ ಮತ್ತು ಉಷ್ಣತೆ ಎಷ್ಟು, ಒಟ್ಟು ಸರಕು ಎಷ್ಟು. ಗಾಳಿಯ ವೇಗ ಮತ್ತು ದಿಕ್ಕು, ಮೋಡ, ತೇವ, ನೆಲ ಬಯಲೋ ಕಟ್ಟಡಗಳಿಂದ ಕಿಕ್ಕಿರಿದದ್ದೋ, ಹೊತ್ತು ಯಾವುದು. ಇವನ್ನು ತುಂಬಿದ ಮೇಲೆ ಅದು ಗಾಳಿ ಹೋಗುವ ದಿಕ್ಕಿಗೆ ಸೀರೆಯ ಸೆರಗು ಹಾರಿದಂತೆ ಮೂರು ಬಣ್ಣದ ಪಟ್ಟಿಯನ್ನು ಬರೆಯುತ್ತದೆ. ಕೆಂಪಿನೊಳಗೆ ಪ್ರಾಣಕ್ಕೇ ಕುತ್ತು. ಕಿತ್ತಳೆಯೊಳಗೆ ಮಾಸದ ಹಾನಿ, ಇಲ್ಲವೆ ಓಡಿ ಪಾರಾಗುವ ಶಕ್ತಿಯೇ ಉಡುಗುವುದು. ಹಳದಿಯೊಳಗೆ ಕಣ್ಣುರಿ, ಕೆಮ್ಮು, ಸಂಕಟ.

ಮೂರನೆಯ ಸಂಜೆ ನಾನು ಅವನಿಗೆ, “ಏನಪಾ, ಎಲ್ಲೆಲ್ಲಿಯದೋ ಊರಿನ ನಕ್ಷಾ ತೋರಸ್ತಿ, ನಮ್ಮ ನೆಹರು ಗಂಜಿಂದು ಬರೆದು ತೋರಸು ನೋಡೋಣ” ಎಂದೆನು. ಗಂಜಿನ ಅಂಚಿನಲ್ಲಿ ಅಮೋನಿಯಾ ಅನಿಲದಿಂದ ನಡೆಯುವ ಕೋಲ್ಡ್ ಸ್ಟೋರೇಜ್ ಒಂದು ಇದೆಯೆಂದು ಕಲ್ಪಿಸಿಕೊಂಡೆವು. ಇದು ಕೇವಲ ಪಾಠದ ಸಲುವಾಗಿ ಮಾಡಿಕೊಂಡ ಕಲ್ಪನೆ, ಯಾವ ಮಾಲೀಕರನ್ನೂ ಕುರಿತದ್ದಲ್ಲವೆಂದು ವಾಚಕರು ತಿಳಿಯತಕ್ಕದ್ದು. ಒಂದು ಗಂಟೆಯ ಕಾಲ ಸೆಕೆಂಡಿಗೆ ಒಂದು ಕಿಲೋಗ್ರಾಮಿನಂತೆ ಅನಿಲ ಸೋರಲಿ. ಗಾಳಿ ಸೆಕೆಂಡಿಗೆ 2 ಮೀಟರಿನಂತೆ, ಎಂದರೆ ಗಂಟೆಗೆ ಏಳು ಕಿಲೋಮೀಟರಿನಷ್ಟು ಮೆಲ್ಲಗೆ ಬೀಸಲಿ ಎಂದು ಇಟ್ಟುಕೊಂಡೆವು.

ಯಂತ್ರಕ್ಕೆ ಕೊಡುವ ಮುನ್ನ ನಾನು ಕಾಗದದ ಮೇಲೆ ಲೆಕ್ಕ ಮಾಡಿಸಿಕೊಂಡೆನು. ಅದಿಲ್ಲದೆ ನನಗೆ ನಂಬಿಕೆ ಹುಟ್ಟದು. ಸೂತ್ರದ ತಿರುಳು ಸರಳ. ಸೆಕೆಂಡಿಗೆ ಸೋರುವ ತೂಕವನ್ನು ಗಾಳಿಯ ವೇಗದಿಂದಲೂ, ಅನಿಲದ ಸೆರಗು ಆ ದೂರದಲ್ಲಿ ಪಡೆದಿರುವ ಅಗಲದ ಅಳತೆಯಿಂದಲೂ, ಎತ್ತರದ ಅಳತೆಯಿಂದಲೂ, ‘ಪೈ’ ಎಂಬ ಸಂಖ್ಯೆಯಿಂದಲೂ ಭಾಗಿಸಿದರೆ ನೆಲಮಟ್ಟದಲ್ಲಿ ಅನಿಲದ ಸಾಂದ್ರತೆ ದೊರೆಯುತ್ತದೆ. ಅಗಲ ಎತ್ತರಗಳ ಅಳತೆಗೆ ಬ್ರಿಟನ್ನಿನ ಹವಾಮಾನ ವಿಜ್ಞಾನಿ ಪಾಸ್ಕ್ವಿಲ್ 1961ರಲ್ಲಿ ಮಾಡಿದ ವಿಂಗಡಣೆ ಇಂದಿಗೂ ಆಧಾರವಾಗಿದೆ. ಬಿಸಿಲು, ಗಾಳಿ, ಇರುಳಿನ ಮೋಡ ಇವನ್ನು ನೋಡಿ ವಾಯುವಿನ ಸ್ಥಿತಿಯನ್ನು ಎ ಇಂದ ಎಫ್‌ವರೆಗೆ ಆರು ವರ್ಗಗಳಾಗಿ ಅವನು ಮಾಡಿದನು. ಬಿಸಿಲಿರುವ ಮಧ್ಯಾಹ್ನದ ಬಿ ವರ್ಗದಲ್ಲಿ ಒಂದು ಕಿಲೋಮೀಟರು ದೂರಕ್ಕೆ ಅಗಲದ ಅಳತೆ ಸುಮಾರು 156 ಮೀಟರು, ಎತ್ತರದ್ದು 110. ಮೋಡವಿಲ್ಲದ ಇರುಳಿನ ಎಫ್ ವರ್ಗದಲ್ಲಿ ಅದೇ ದೂರಕ್ಕೆ ಅಗಲ 34, ಎತ್ತರ 14. ಭಾಗಿಸಿ ನೋಡಿದಾಗ, ಗಂಜಿನಿಂದ ಒಂದು ಕಿಲೋಮೀಟರು ಆಚೆ ನಿಂತವನ ಮೂಗಿಗೆ ಮಧ್ಯಾಹ್ನ ತಗಲುವುದು ಹತ್ತು ಲಕ್ಷ ಭಾಗ ಗಾಳಿಯಲ್ಲಿ ಸುಮಾರು 13 ಭಾಗ ಅಮೋನಿಯಾ. ಇರುಳಿನಲ್ಲಿ ಸುಮಾರು 480 ಭಾಗ.

ಸೋರಿಕೆ ಅದೇ, ದೂರ ಅದೇ, ಗಾಳಿಯ ವೇಗವೂ ಅದೇ. ಒಂದು ಗಂಟೆಯ ಮಟ್ಟಿಗೆ ಹಳದಿಯ ಅಂಚು 30 ಭಾಗ, ಕಿತ್ತಳೆಯದು 160, ಕೆಂಪಿನದು 1100. ಹಾಗಾದರೆ ಮಧ್ಯಾಹ್ನ ಅಲ್ಲಿ ನಿಂತವನು ವಾಸನೆ ಬಂತೆಂದು ಮೂಗು ಮುಚ್ಚಿ ಹಳದಿಯ ಹೊರಗೇ ಉಳಿದನು. ಇರುಳಿನಲ್ಲಿ ಅದೇ ಜಾಗದಲ್ಲಿದ್ದವನು ಕಿತ್ತಳೆಯ ನಡುವೆ ಸಿಕ್ಕಿಕೊಂಡನು. ಇದು ಬಯಲು ನೆಲಕ್ಕೆ ಹೇಳಿದ ಲೆಕ್ಕ. ಕಟ್ಟಡಗಳ ನಡುವೆ ಗಾಳಿ ಹೆಚ್ಚು ಕಲಕುವುದರಿಂದ ಸಂಖ್ಯೆಗಳು ಇಳಿಯುತ್ತವೆ; ಹಗಲಿಗೂ ಇರುಳಿಗೂ ಇರುವ ಅಂತರ ಮಾತ್ರ ಅಳಿಯುವುದಿಲ್ಲ.

ಇದರ ಕಾರಣವನ್ನು ನಮ್ಮ ಕಡೆಯ ಹಳ್ಳಿಗಳಲ್ಲಿ ಬೆಳೆದವರು ಕಣ್ಣಾರೆ ಕಂಡಿದ್ದಾರೆ. ಬೇಸಿಗೆಯ ಮಧ್ಯಾಹ್ನ ಕಾದ ಎರೆನೆಲದಿಂದ ಗಾಳಿ ಮೇಲಕ್ಕೇಳುತ್ತದೆ. ಒಲೆಯ ಹೊಗೆ ನೆಟ್ಟಗೆ ಏರಿ ಚದುರಿಹೋಗುತ್ತದೆ. ಚಳಿಗಾಲದ ನಸುಕಿನಲ್ಲಿ ನೆಲ ತಣ್ಣಗಾಗಿ, ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ, ಮೇಲಿನ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕೂರುತ್ತದೆ. ಹೊಗೆ ಏರಲಾರದೆ ಮಾಳಿಗೆಗಳ ಮೇಲೆ ಕಂಬಳಿಯಂತೆ ಹಾಸಿಕೊಳ್ಳುತ್ತದೆ. ಅನಿಲಕ್ಕೂ ಅದೇ ಗತಿ.

ಭೋಪಾಲದಲ್ಲಿ ನಡೆದದ್ದು ಇಂಥ ಇರುಳಿನಲ್ಲಿಯೇ. ಯೂನಿಯನ್ ಕಾರ್ಬೈಡ್ ಕಾರ್ಖಾನೆಯ ತೊಟ್ಟಿಯಲ್ಲಿದ್ದ ಸುಮಾರು 40 ಟನ್ ಮೀಥೈಲ್ ಐಸೊಸೈಯನೇಟಿಗೆ ನೀರು ಸೇರಿ, ಕಾದು, ಆವಿಯಾಗಿ ಹೊರಬಿತ್ತು. ಆ ಆವಿ ಗಾಳಿಗಿಂತ ಸುಮಾರು ಎರಡು ಪಟ್ಟು ಭಾರ. ಡಿಸೆಂಬರಿನ ಚಳಿ, ಮೆಲ್ಲನೆಯ ಗಾಳಿ, ಆ ಗಾಳಿಯ ಮುಖ ಊರಿನ ಕಡೆಗೆ, ಮಲಗಿದ ಜನ. ಸಾವಿರಾರು ಮಂದಿ ಸತ್ತರು. ಏನು ಸೋರಿತೆಂಬುದೂ ಎತ್ತ ಓಡಬೇಕೆಂಬುದೂ ಅವರಿಗೆ ತಿಳಿದಿರಲಿಲ್ಲ. ಎಷ್ಟೋ ಜನ ಅನಿಲ ಹೋಗುತ್ತಿದ್ದ ದಿಕ್ಕಿಗೇ ಓಡಿದರು. ದೆಹಲಿಯ ಐ.ಐ.ಟಿ.ಯ ಎಂ. ಪಿ. ಸಿಂಗ್ ಮತ್ತು ಎಸ್. ಘೋಷ್ ಎಂಬ ವಿದ್ವಾಂಸರು ಆ ಇರುಳಿನ ಅನಿಲದ ಹರಿವನ್ನು ಗಣಿತದ ಮಾದರಿಯಿಂದ ಮತ್ತೆ ಬರೆದು 1987ರಲ್ಲಿ ಪ್ರಕಟಿಸಿದರು. ಲೆಕ್ಕಕ್ಕೆ ಬೇಕಾದ ವಿದ್ಯೆ ಲೋಕದಲ್ಲಿ ಆಗಲೇ ಇತ್ತೆಂಬುದನ್ನು ನೆನೆದರೆ ಹೊಟ್ಟೆಯಲ್ಲಿ ಕಿಚ್ಚಾಗುತ್ತದೆ. 2020ರ ಮೇ 7ರಂದು ವಿಶಾಖಪಟ್ಟಣದ ಎಲ್.ಜಿ. ಪಾಲಿಮರ್ಸ್ ಕಾರ್ಖಾನೆಯ ತೊಟ್ಟಿಯಿಂದ ಸ್ಟೈರೀನ್ ಆವಿ ಹೊರಟದ್ದೂ ನಸುಕಿನ ಮೂರು ಗಂಟೆಯ ಹೊತ್ತಿಗೆ. 12 ಜನ ಸತ್ತರು. ಹೊತ್ತಿನ ಲೆಕ್ಕವನ್ನು ಬಿಟ್ಟ ನಕ್ಷೆ ನಕ್ಷೆಯೇ ಅಲ್ಲ.

ಅಮೋನಿಯಾದ ಗುಣವನ್ನು ಸ್ವಲ್ಪ ಹೇಳಬೇಕು. ಶಾಲೆಯ ಪುಸ್ತಕದಲ್ಲಿ ಅದು ಗಾಳಿಗಿಂತ ಹಗುರ ಎಂದಿದೆ, ಸತ್ಯವೇ. ಆದರೆ ತಂಪುಯಂತ್ರದಲ್ಲಿ ಅದು ಒತ್ತಡದಿಂದ ದ್ರವವಾಗಿರುತ್ತದೆ. ಕೊಳವೆ ಒಡೆದಾಗ ಐದರಲ್ಲಿ ಒಂದು ಭಾಗದಷ್ಟು ತಟ್ಟನೆ ಆವಿಯಾಗಿ, ಮಿಕ್ಕದ್ದು ನವಿರಾದ ಹನಿಗಳಾಗಿ, ಶೂನ್ಯಕ್ಕಿಂತ 33 ಡಿಗ್ರಿ ಕೆಳಗಿನ ಚಳಿಯಿಂದ ಬಿಳಿಯ ಮಂಜಿನಂತೆ ಹೊರಬರುತ್ತದೆ. ಆ ಚಳಿಯ ಹನಿಮೋಡ ಗಾಳಿಗಿಂತ ಭಾರವಾಗಿ ನೆಲ ಹಿಡಿದು ಹರಿಯುತ್ತದೆ. 1976ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಅಮೋನಿಯಾ ಟ್ಯಾಂಕರು ಮೇಲ್ಸೇತುವೆಯಿಂದ ಬಿದ್ದಾಗ ಹೀಗೆಯೇ ಆಯಿತು. ಸೋರಿದ ಮೊದಲ ಹೊತ್ತಿನ ಈ ಭಾರವನ್ನು ಮೇಲಿನ ಸರಳ ಸೂತ್ರ ಅರಿಯದು. ಅದಕ್ಕಾಗಿ ತಂತ್ರಾಂಶದಲ್ಲಿ ಭಾರವಾದ ಅನಿಲಕ್ಕೆಂದೇ ಬೇರೆಯ ಗಣಿತವನ್ನು ಇಟ್ಟಿದ್ದಾರೆ. ಅಡುಗೆ ಅನಿಲವೂ ಭಾರದ್ದೇ. 2013ರಲ್ಲಿ ಉಪ್ಪಿನಂಗಡಿಯ ಬಳಿಯ ಪೆರ್ನೆಯಲ್ಲಿ ಟ್ಯಾಂಕರು ಉರುಳಿ ಹೆದ್ದಾರಿಯ ಪಕ್ಕದ ಮನೆಗಳು ಸುಟ್ಟದ್ದು ಅನೇಕರಿಗೆ ನೆನಪಿರಬಹುದು.

ನನಗೂ ಅಮೋನಿಯಾದ ಪರಿಚಯ ಚಿಕ್ಕಂದಿನದು. ಬರ್ಫ ಮಾಡುವ ಕಾರ್ಖಾನೆಯೊಂದರ ಹಿಂದಿನ ಓಣಿಯಲ್ಲಿ ನಾವು ಗೋಲಿ ಆಡುತ್ತಿದ್ದಾಗ ಒಂದು ಸಂಜೆ ಏನೋ ಒಡೆದ ಸದ್ದಾಗಿ ಕಣ್ಣು ಮೂಗುಗಳಲ್ಲಿ ಖಾರ ತುಂಬಿದಂತಾಯಿತು. ಎಲ್ಲರೂ ಓಣಿಯ ಉದ್ದಕ್ಕೆ ಓಡಿದರು, ನಾನೂ ಓಡಿದೆನು. ಗಾಳಿಯೂ ಅತ್ತಲೇ ಓಡುತ್ತಿತ್ತು. ಹಿರಿಯರೊಬ್ಬರು ನನ್ನ ರಟ್ಟೆ ಹಿಡಿದು ಅಡ್ಡ ಸಂದಿಗೆ ಎಳೆದು, ಧೋತರದ ಚುಂಗನ್ನು ಕೊಡದ ನೀರಿನಲ್ಲಿ ಅದ್ದಿ ಮುಖಕ್ಕೆ ಒತ್ತಿದರು. ಹತ್ತು ಹೆಜ್ಜೆಯೊಳಗೆ ಉಸಿರು ಸಿಕ್ಕಿತು. ಯಾರಿಗೂ ಪ್ರಾಣಾಪಾಯವಾಗಲಿಲ್ಲ. ಅಮೋನಿಯಾ ನೀರಿನಲ್ಲಿ ಬಹು ಸುಲಭವಾಗಿ ಕರಗುವುದೆಂದು ಆ ಹಿರಿಯರು ಓದಿ ತಿಳಿದವರಲ್ಲ. ಹಾಗೆಂದು ನೆಲದಲ್ಲಿ ನಿಂತ ಅಮೋನಿಯಾ ದ್ರವದ ಮೇಲೆ ನೀರು ಸುರಿಯಬಾರದು. ಸುರಿದರೆ ಅದು ಇನ್ನೂ ವೇಗವಾಗಿ ಆವಿಯಾಗುತ್ತದೆ. ಹೋಗುತ್ತಿರುವ ಮೋಡಕ್ಕೆ ನೀರನ್ನು ತುಂತುರಾಗಿ ಎರಚುವುದು ಬೇರೆ.

ಇರಲಿ, ಗಂಜಿನ ನಕ್ಷೆಗೆ ಮರಳೋಣ. ಯಂತ್ರವು ಸೆರಗನ್ನು ಬರೆದದ್ದಾಯಿತು. ಅದರೊಳಗೆ ಎಷ್ಟು ಜನರಿದ್ದಾರೆ ಎಂಬುದನ್ನು ಯಂತ್ರ ಹೇಳದು, ನಾವು ತುಂಬಬೇಕು. ಶಿಷ್ಯನು ಜನಗಣತಿಯ ಲೆಕ್ಕವನ್ನು ತೆಗೆದನು. ನಾನು ತಡೆದೆನು. ಜನಗಣತಿ ಎಣಿಸುವುದು ಮನೆಯಲ್ಲಿ ವಾಸವಿರುವವರನ್ನು. ತೊಗರಿಯ ಸುಗ್ಗಿಯಲ್ಲಿ ಗಂಜಿಗೆ ಬರುವವರು ಕಮಲಾಪುರ, ಆಳಂದ, ಅಫಜಲಪುರ, ಜೇವರ್ಗಿಗಳ ರೈತರು. ಸವಾಲು ತಡವಾದರೆ ತಮ್ಮ ರಾಶಿಯ ಬಳಿಯೇ, ಚೀಲಗಳಿಗೆ ಒರಗಿ, ಟ್ರ್ಯಾಕ್ಟರಿನ ಕೆಳಗೆ ಕಂಬಳಿ ಹೊದ್ದು ಮಲಗುವವರು. ಅಡತಿ ಅಂಗಡಿಯ ಕಟ್ಟೆಯ ಮೇಲೆ ಹಮಾಲರು. ಅದು ಡಿಸೆಂಬರ್, ಜನವರಿ. ಮೋಡವಿಲ್ಲದ ಚಳಿಯ ಇರುಳು. ಎಂದರೆ ಪಾಸ್ಕ್ವಿಲನ ಎಫ್ ವರ್ಗ. ವರ್ಷದಲ್ಲಿ ಅನಿಲ ಅತಿ ಕಡಿಮೆ ಚದುರುವ ಇರುಳುಗಳಲ್ಲಿಯೇ ಗಂಜಿನ ಬಯಲಿನಲ್ಲಿ ಗೋಡೆ ಬಾಗಿಲುಗಳಿಲ್ಲದೆ ಮಲಗುವವರು ಹೆಚ್ಚು. ಈ ಜನ ಯಾವ ಜನಗಣತಿಯ ಕೋಷ್ಟಕದಲ್ಲಿಯೂ ಗಂಜಿನ ಲೆಕ್ಕಕ್ಕೆ ಸೇರಿದವರಲ್ಲ. ಶಿಷ್ಯನು ಬಹಳ ಹೊತ್ತು ಮಾತನಾಡಲಿಲ್ಲ. ಬಳಿಕ ತನ್ನ ಪುಸ್ತಕದಲ್ಲಿ ಬರೆದುಕೊಂಡನು.

ಗಾಳಿಯ ದಿಕ್ಕೂ ಅಂಥದ್ದೇ. ಮಳೆಗಾಲದಲ್ಲಿ ನಮ್ಮಲ್ಲಿ ಪಡುವಣ ಗಾಳಿ, ಸುಗ್ಗಿಯಲ್ಲಿ ಮೂಡಗಾಳಿ. ಜೂನಿನಲ್ಲಿ ಮೂಡಣಕ್ಕೆ ಹಾರುವ ಸೆರಗು ಡಿಸೆಂಬರಿನಲ್ಲಿ ಪಡುವಣಕ್ಕೆ ಹಾರುತ್ತದೆ. ಎಲ್ಲರೂ ಬಂದು ಸೇರತಕ್ಕ ಜಾಗ ಒಂದೇ ಎಂದು ಫಲಕ ಬರೆದಿಟ್ಟರೆ ಅರ್ಧ ವರ್ಷ ಅದು ಅನಿಲದ ಬಾಯಿಗೇ ಕಳುಹುವ ಫಲಕ. ಇನ್ನು ಗಾಳಿ ಸತ್ತಂತಿರುವ ಇರುಳಿನಲ್ಲಿ ದಿಕ್ಕೇ ನಿಲ್ಲದು. ಆಗ ಅಲೋಹವು ಸೆರಗಿನ ಸುತ್ತ ಎಳೆಯುವ ಅನುಮಾನದ ಗೆರೆ ಹಿಗ್ಗುತ್ತ ಹಿಗ್ಗುತ್ತ ಹೆಚ್ಚುಕಡಿಮೆ ವೃತ್ತವೇ ಆಗುತ್ತದೆ. ತನಗೆ ತಿಳಿಯದೆಂದು ಒಪ್ಪಿಕೊಳ್ಳುವ ಯಂತ್ರದ ಈ ಪ್ರಾಮಾಣಿಕತೆ ನನಗೆ ಮೆಚ್ಚಿಕೆಯಾಯಿತು. ಗುಡ್ಡ ತಗ್ಗುಗಳನ್ನು ಅದು ಎಣಿಸದು. ಒಂದು ಗಂಟೆಯಾಚೆಯ ಸೋರಿಕೆಯನ್ನು ಲೆಕ್ಕಿಸದು. ದಾಲ್ ಮಿಲ್ಲಿನ ಹುಡಿ ಹೊತ್ತಿ ಸಿಡಿಯುವಂಥದ್ದಕ್ಕೆ ಅದು ತಕ್ಕದ್ದಲ್ಲ.

ಕಾನೂನಿನಲ್ಲಿ ಕೊರತೆ ಇಲ್ಲ. ಭೋಪಾಲದ ಬಳಿಕ 1986ರಲ್ಲಿ ಪರಿಸರ ರಕ್ಷಣಾ ಕಾಯಿದೆ, 1989ರಲ್ಲಿ ಅಪಾಯಕರ ರಾಸಾಯನಿಕಗಳ ನಿಯಮಗಳು, 1996ರಲ್ಲಿ ರಾಸಾಯನಿಕ ಅಪಘಾತಗಳ ನಿಯಮಗಳು ಬಂದವು. ಗೊತ್ತುಪಡಿಸಿದ ಪ್ರಮಾಣವನ್ನು ಮೀರಿ ಇಂಥ ಸರಕು ಇರಿಸಿಕೊಂಡವರು ಆವರಣದ ಒಳಗಿನ ಯೋಜನೆಯನ್ನೂ, ಜಿಲ್ಲಾಡಳಿತವು ಹೊರಗಿನ ಯೋಜನೆಯನ್ನೂ ಸಿದ್ಧವಿಡಬೇಕು. ಅಪಘಾತವಾದರೆ ಬಾಧೆಗೊಳಗಾಗಬಹುದಾದ ನೆರೆಯವರಿಗೆ ಮೊದಲೇ ತಿಳಿಸಬೇಕು. ಪ್ರಮಾಣಕ್ಕಿಂತ ಕಡಿಮೆ ಇಟ್ಟವರು ಈ ಕಟ್ಟಿಗೆ ಬರುವುದಿಲ್ಲ. ಚಿಕ್ಕ ಬರ್ಫದ ಕಾರ್ಖಾನೆಯಂಥವು ಹೀಗೆ ಹೊರಗುಳಿಯುತ್ತವೆ. ಯಾದಗಿರಿ ಜಿಲ್ಲೆಯ ಕಡೇಚೂರಿನಲ್ಲಿಯೂ ಬೀದರದ ಕೊಳಾರದಲ್ಲಿಯೂ ಔಷಧ ಮತ್ತು ರಾಸಾಯನಿಕ ಕಾರ್ಖಾನೆಗಳು ಬಂದಿರುವ ಈ ದಿನಗಳಲ್ಲಿ ‘ಮೊದಲೇ ತಿಳಿಸುವುದು’ ಎಂಬುದನ್ನು ಯಾವ ಭಾಷೆಯಲ್ಲಿ ಎಂದು ನಾವು ಕೇಳಬೇಕಾಗಿದೆ. ನನ್ನ ಮುಂದಿದ್ದ ವರದಿಯಲ್ಲಿ ಕನ್ನಡದ ಒಂದಕ್ಷರವೂ ಇರಲಿಲ್ಲ.

ಆ ಒಂದು ಪುಟವನ್ನು ಬರೆಯುವುದಕ್ಕೆ ನಾಲ್ಕು ದಿನ ಹಿಡಿಯಿತು. ‘ಅಡ್ಡಗಾಳಿಯಲ್ಲಿ ಚಲಿಸಿರಿ’ ಎಂದು ಮೊದಲು ಬರೆದೆನು. ಗಂಜಿನಲ್ಲಿ ಹಮಾಲಿ ಮಾಡುವ ಒಬ್ಬ ವಿದ್ಯಾರ್ಥಿಯ ತಂದೆಗೆ ಓದಿ ಹೇಳಿದಾಗ, “ಅಡ್ಡಗಾಳಿ ಬಂದರ ಚಲೋ ಅಂತೀರೇನ್ರಿ?” ಎಂದು ಕೇಳಿದರು. ಅದನ್ನು ಹೊಡೆದು, ‘ಗಾಳಿಯ ಎದುರಿಗೂ ಬೇಡ, ಗಾಳಿಯ ಹಿಂದೆಯೂ ಬೇಡ, ಎಡಕ್ಕೋ ಬಲಕ್ಕೋ ಹೊರಳಿರಿ’ ಎಂದು ಬರೆದೆನು. ‘ಸ್ಥಳಾಂತರಗೊಳ್ಳಿರಿ’ ಎಂಬುದು ‘ಜಾಗ ಬಿಡಿರಿ’ ಆಯಿತು. ಹೊರಗೆ ಹೋಗಲು ಹೊತ್ತಿಲ್ಲದಿದ್ದರೆ ಒಳಗಿದ್ದು ಬಾಗಿಲು ಕಿಟಕಿ ಮುಚ್ಚಿ, ಸಂದುಗಳಿಗೆ ಒದ್ದೆ ಬಟ್ಟೆ ತುರುಕುವುದಕ್ಕೆ ಇಂಗ್ಲಿಷಿನಲ್ಲಿ ಮೂರು ಪದಗಳಿವೆ. ಕನ್ನಡದಲ್ಲಿ ವಾಕ್ಯವೇ ಇರಲೆಂದು ಬಿಟ್ಟೆನು. ಗಾಳಿ ಎತ್ತ ಎಂದು ಇರುಳಿನಲ್ಲಿ ತಿಳಿಯಲು ಮಾಳಿಗೆಯ ಮೇಲೆ ದೀಪದ ಬೆಳಕು ಬೀಳುವಂತೆ ಗಾಳಿಚೀಲ ಕಟ್ಟಬೇಕೆಂಬುದೂ, ಸೇರತಕ್ಕ ಜಾಗಗಳು ಎರಡಿರಬೇಕೆಂಬುದೂ ಪುಟದ ಕೊನೆಗೆ ಸೇರಿತು.

ಒಂದು ಪದ ಇನ್ನೂ ಒಗ್ಗಿಲ್ಲ. ಆ ಮೂರು ಬಣ್ಣಗಳ ಪಟ್ಟಿಯನ್ನು ‘ಅಪಾಯದ ಎಲ್ಲೆ’ ಎಂದಿದ್ದೇನೆ. ಎಲ್ಲೆ ಎಂದರೆ ಹೊಲದ ಬದುವಿನಂತೆ ಅದರಾಚೆ ತಮಗೆ ಸಂಬಂಧವಿಲ್ಲವೆಂದು ಜನ ತಿಳಿದಾರು. ಅನಿಲವು ಹಾಗೆ ಬದುವಿನಲ್ಲಿ ನಿಲ್ಲುವುದಲ್ಲ. ‘ಸೆರಗು’ ಎಂದರೆ ಓದಿದವರು ನಗುತ್ತಾರೆಂದು ಶಿಷ್ಯನಿಗೆ ಸಂಕೋಚ. ಹಳೆಯ ವಿದ್ಯಾರ್ಥಿಗಳಲ್ಲಿ ಇಂಥ ಕಾರ್ಖಾನೆಗಳಲ್ಲಿ ಕೆಲಸ ಮಾಡುವವರು ತಮ್ಮಲ್ಲಿ ಕಾರ್ಮಿಕರು ಆಡುವ ಪದ ಏನಾದರೂ ಇದ್ದರೆ ಶಾಲೆಯ ವಿಳಾಸಕ್ಕೆ ಬರೆದು ತಿಳಿಸಬೇಕಾಗಿ ಕೋರುತ್ತೇನೆ. ಫಲಕವನ್ನು ಸುಗ್ಗಿಗೆ ಮೊದಲು ಬರೆಯಿಸಬೇಕಾಗಿದೆ.